ನಡುಗುವ ಕೈಯ ಸರ್ವಿಸ್

ವಿಜಯಪುರ ಜಿಲ್ಲೆಯ ಇಂಡಿ ಊರಿನ ಹುಮಾ ಬಾಗವಾನಳಿಗೆ ಶಟಲನ್ನು ಎತ್ತರಕ್ಕೆ, ಅಂಕಣದ ಹಿಂದಿನ ಗೆರೆಯವರೆಗೆ ಹೊಡೆಯುವುದು ಇವತ್ತಿಗೂ ಅಷ್ಟಾಗಿ ಒಗ್ಗಿಲ್ಲ. ಅದಕ್ಕೆ ಕಾರಣ ಅವಳ ಅಪ್ಪನ ಗೋದಾಮು. ಮಹಮ್ಮದಹನೀಫರು ಲಿಂಬೆಯ ವ್ಯಾಪಾರಿ. ಸುತ್ತಲಿನ ತೋಟಗಳಿಂದ ಬಂದ ಕಾಯಿಯನ್ನು ಆರಿಸಿ, ಚೀಲ ಕಟ್ಟಿಸಿ ದೂರದ ಪೇಟೆಗಳಿಗೆ ಕಳಿಸುವವರು. ಕಾಯಿ ಕಡಿಮೆಯಾಗುವ ತಿಂಗಳುಗಳಲ್ಲಿ ಗೋದಾಮಿನ ಅರ್ಧ ಭಾಗ ಖಾಲಿ ಬೀಳುತ್ತಿತ್ತು. ಗಾಳಿ ಆಡದ ಜಾಗವಾದ್ದರಿಂದ ಶಟಲ್ ಆಡಲು ಹುಡುಗಿಯರಿಗೆ ಊರಿನಲ್ಲಿ ಅದಕ್ಕಿಂತ ಒಳ್ಳೆಯ ತಾವು ಇರಲಿಲ್ಲ. ಶಾಲೆಯ ಆಟದ ಮಾಸ್ತರ ಗುರಲಿಂಗಪ್ಪನವರು ಎರಡು ಕಂಬಗಳ ನಡುವೆ ನೆಟ್ ಕಟ್ಟಿಕೊಟ್ಟರು, ಸುಣ್ಣದಿಂದ ಗೆರೆ ಎಳೆದುಕೊಟ್ಟರು. ಆದರೆ ಸೂರಿನ ತಗಡು ಹನ್ನೆರಡು ಅಡಿಯಷ್ಟೇ ಮೇಲಿತ್ತು. ಎತ್ತಿ ಹೊಡೆದರೆ ಶಟಲ್ ತೊಲೆಗೆ ಬಡಿದು ಕೆಳಗೆ ಬೀಳುತ್ತಿತ್ತು. ಹಾಗಾಗಿ ಒಂಬತ್ತನೆಯ ವಯಸ್ಸಿನಿಂದ ಹುಮಾ ಕಲಿತದ್ದೆಲ್ಲ ನೆಟ್ಟನ್ನು ಬೆರಳಗಲದಲ್ಲಿ ದಾಟಿಸುವ ಆಟ.

ಹದಿಮೂರು ತುಂಬಿದಾಗ ಅವಳನ್ನು ತರಬೇತಿಗೆಂದು ವಿಜಯಪುರಕ್ಕೆ ಕಳಿಸಿದರು. ಅಲ್ಲಿನ ಕೋಚ್ ಸಂಗಮೇಶ ಮೊದಲ ದಿನ ಅವಳ ಆಟ ನೋಡಿ ನಕ್ಕುಬಿಟ್ಟರು.

“ಏನವಾ, ಮ್ಯಾಲೂ ಜಾಗಾ ಐತಿ ಅನ್ನೂದು ನಿನಗ ಗೊತ್ತಿಲ್ಲೇನು?”

“ಅಲ್ಲಿ ತಗಡಿತ್ರಿ ಸರ್,” ಅಂದಳು ಹುಮಾ.

ಹಾಗೆ ನಕ್ಕ ಅವರೇ ಒಂದು ವಾರದೊಳಗೆ ಅವಳನ್ನು ಡಬಲ್ಸಿಗೆ ಹಾಕಿದರು. ನೆಟ್ಟಿನ ಹತ್ತಿರ ನಿಂತು ಆಡುವ ಇಂಥ ಕೈ ಹತ್ತು ವರ್ಷಕ್ಕೊಮ್ಮೆ ಸಿಗುತ್ತದೆ ಎಂದು ಅವರಿಗೆ ಗೊತ್ತಾಗಿತ್ತು. ಹಿಂದೆ ನಿಂತು ಬಡಿಯಲು ಒಬ್ಬಳು ಬೇಕಿತ್ತು. ಬಸವನ ಬಾಗೇವಾಡಿ ತಾಲೂಕಿನ ಮಸೂತಿ ಎಂಬ ಹಳ್ಳಿಯಿಂದ ಬರುತ್ತಿದ್ದ ಪ್ರಿಯದರ್ಶಿನಿ ಬಿರಾದಾರ ಹಾಗೆ ಸಿಕ್ಕಳು. ಉದ್ದನೆಯ ಹುಡುಗಿ, ಜೋರು ದನಿ, ಅದಕ್ಕಿಂತ ಜೋರು ಸ್ಮ್ಯಾಶ್. ಇಬ್ಬರೂ ಒಂದೇ ತಾಟಿನಲ್ಲಿ ಉಂಡು, ರೈಲಿನ ಒಂದೇ ಬರ್ತಿನಲ್ಲಿ ಒರಗಿ ಊರೂರು ತಿರುಗಿದರು. ಜಿಲ್ಲೆ ಗೆದ್ದರು, ರಾಜ್ಯ ಗೆದ್ದರು. ವಯಸ್ಸು ಇಪ್ಪತ್ತೆರಡಾಗುವ ಹೊತ್ತಿಗೆ ಅದೇ ಅವರ ಉದ್ಯೋಗ. ತಿಂಗಳಿಗೊಂದು ರ‍್ಯಾಂಕಿಂಗ್ ಟೂರ್ನಿ, ಉಳಿದ ದಿನ ಅಭ್ಯಾಸ.

ಪುಣೆಯಲ್ಲಿ ನಡೆದದ್ದು ಅವರ ಮೊದಲ ಅಖಿಲ ಭಾರತ ಮಟ್ಟದ ಫೈನಲ್.

ಡಬಲ್ಸಿನಲ್ಲಿ ಸರ್ವಿಸ್ ಎಂದರೆ ಬಲದ ಕೆಲಸವಲ್ಲ. ಎಡಗೈಯ ಎರಡು ಬೆರಳಲ್ಲಿ ಶಟಲಿನ ಗರಿ ಹಿಡಿದು, ಬಲಗೈಯ ರ‍್ಯಾಕೆಟ್ಟಿನಿಂದ ಮೆಲ್ಲಗೆ ನೂಕಬೇಕು. ಅದು ನೆಟ್ಟಿನ ಅಂಚು ಸವರಿದಂತೆ ದಾಟಿ ಆಚೆಯ ಹತ್ತಿರದ ಗೆರೆಯ ಬಳಿ ಬೀಳಬೇಕು. ತುಸು ಮೇಲೆದ್ದರೆ ಎದುರಿನವಳು ನುಗ್ಗಿ ಬಡಿಯುತ್ತಾಳೆ, ತುಸು ತಗ್ಗಿದರೆ ನೆಟ್ಟಿಗೆ. ಗೋದಾಮಿನ ದಿನಗಳಿಂದ ಹುಮಾ ಇಂಥ ಸರ್ವಿಸ್ ಎಷ್ಟು ಲಕ್ಷ ಸಲ ಮಾಡಿದ್ದಳೋ. ಪುಣೆಯ ಮೂರನೆಯ ಗೇಮಿನಲ್ಲಿ ಹದಿನೆಂಟು–ಹದಿನಾರಕ್ಕೆ ಮುಂದಿದ್ದಾಗ ಅವಳ ಕೈ ನಡುಗಿತು. ಶಟಲ್ ನೆಟ್ಟಿಗೆ ಹೋಯಿತು. ಅವಳು ಕೈಯನ್ನು ಅಂಗಿಗೆ ಒರೆಸಿಕೊಂಡಳು. ಇಪ್ಪತ್ತು–ಹದಿನೆಂಟಾಯಿತು. ಇನ್ನೊಂದೇ ಅಂಕ, ಮತ್ತೆ ಸರ್ವಿಸ್ ಅವಳದೇ. ಈ ಸಲ ಕೈ ನಡುಗಬಾರದು ಎಂದು ಮುಷ್ಟಿ ಬಿಗಿದಳು. ಬಿಗಿದಷ್ಟೂ ನಡುಕ ಮೊಣಕೈಗೆ ಏರಿತು. ಶಟಲ್ ನೆಟ್ಟಿನ ನಡುಭಾಗಕ್ಕೇ ಬಡಿದು ಕೆಳಗೆ ಬಿತ್ತು. ಮುಂದಿನ ಮೂರು ಅಂಕ ಎದುರಾಳಿಗಳದ್ದು. ಇಪ್ಪತ್ತು–ಇಪ್ಪತ್ತೆರಡಕ್ಕೆ ಆಟ ಮುಗಿಯಿತು.

ಇಂಡಿಯಲ್ಲಿ ಅಪ್ಪ ಗೋದಾಮಿನ ಹಮಾಲರನ್ನೆಲ್ಲ ಕೂರಿಸಿಕೊಂಡು ಫೋನಿನಲ್ಲಿ ಲೈವ್ ನೋಡಿದ್ದರು. ಮಗಳು ಮನೆಗೆ ಬಂದ ದಿನ ಅವರ ಬಾಯಿಂದ ಒಂದು ಮಾತು ಬಂತು.

“ಇಷ್ಟು ವರ್ಷ ಆಡಿ ಒಂದು ಸರ್ವಿಸ್ ದಾಟಸಾಕ ಆಗಲಿಲ್ಲೇನವಾ?”

ತಾಯಿ ಶಬಾನಾ ಅಡುಗೆಮನೆಯಿಂದ ಹೊರಗೆ ಬಂದು, “ನೀವು ಸುಮ್ಮ ಕುಂದರ್ರಿ,” ಅಂದರು. ಆದರೆ ಮಾತು ಬಿದ್ದಾಗಿತ್ತು. ಅಪ್ಪ ಸಿಟ್ಟಿನಿಂದ ಹೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ಅದೇ ಹೆಚ್ಚು ನೋಯಿಸಿತು.

ಅಲ್ಲಿಂದ ಮುಂದೆ ಕೈ ಅವಳ ಮಾತು ಕೇಳಲಿಲ್ಲ. ಅಭ್ಯಾಸದಲ್ಲಿ ಕಣ್ಣು ಮುಚ್ಚಿ ಹೊಡೆದರೂ ಸರಿ ಬೀಳುವ ಸರ್ವಿಸ್, ಪಂದ್ಯದಲ್ಲಿ ಅಂಪೈರ್ ಅಂಕ ಕೂಗಿದ ಕೂಡಲೇ ಕೆಡುತ್ತಿತ್ತು. ಸಂಗಮೇಶ ತಮಗೆ ತಿಳಿದದ್ದನ್ನೆಲ್ಲ ಹೇಳಿದರು. ಉಸಿರು ಎಳೆದುಕೋ ಅಂದರು, ಧೈರ್ಯ ತಂದುಕೋ ಅಂದರು, ಜನರನ್ನು ನೋಡಬೇಡ ಅಂದರು. ಹುಡುಗಿಯರಿಬ್ಬರೂ ಎರಡು ಟೂರ್ನಿಗಳಲ್ಲಿ ಮೊದಲ ಸುತ್ತಿನಲ್ಲೇ ಸೋತರು. ಮೂರನೆಯದಕ್ಕೆ ಹೊರಡುವ ಹಿಂದಿನ ದಿನ ಹುಮಾ, ನಾನು ಬರುವುದಿಲ್ಲ ಎಂದು ಕೋಚ್‌ಗೆ ಒಂದು ಸಾಲಿನ ಸಂದೇಶ ಕಳಿಸಿ ಫೋನನ್ನು ಮೂಲೆಗಿಟ್ಟಳು. ಪ್ರಿಯದರ್ಶಿನಿ ಹದಿನೇಳು ಸಲ ಕರೆ ಮಾಡಿದಳು. ಹುಮಾ ಒಂದನ್ನೂ ಎತ್ತಲಿಲ್ಲ.

ಪ್ರಿಯದರ್ಶಿನಿಗೆ ಆ ವರ್ಷವೇ ಹುಬ್ಬಳ್ಳಿಯಲ್ಲಿ ಕ್ರೀಡಾ ಕೋಟಾದಡಿ ನೌಕರಿ ಸಿಕ್ಕಿತು, ಹೊಸ ಜೊತೆಗಾತಿಯೂ ಸಿಕ್ಕಳು. ಹುಮಾ ಸಿಂದಗಿಯ ಒಂದು ಶಾಲೆಗೆ ಆಟದ ಶಿಕ್ಷಕಿಯಾಗಿ ಸೇರಿದಳು. ಮುಂಜಾನೆ ಇಂಡಿಯಿಂದ ಬಸ್ಸು, ಸಂಜೆ ಮತ್ತೆ ಅದೇ ಬಸ್ಸು. ಕಬಡ್ಡಿ ಕಲಿಸಿದಳು, ಖೋಖೋ ಕಲಿಸಿದಳು. ರ‍್ಯಾಕೆಟ್ ಮುಟ್ಟಲಿಲ್ಲ.

ಅದೇ ಶಾಲೆಯಲ್ಲಿ ಸುಮಂಗಲಾ ಎಂಬ ಹಿರಿಯ ಶಿಕ್ಷಕಿ ಇದ್ದರು. ಗಣಿತ ಕಲಿಸುತ್ತಿದ್ದರು, ಜೊತೆಗೆ ರಾಜ್ಯ ಮಟ್ಟದ ಬ್ಯಾಡ್ಮಿಂಟನ್ ಅಂಪೈರ್ ಕೂಡ. ಹುಮಾ ಯಾರು ಎಂಬುದು ಅವರಿಗೆ ಮೊದಲ ದಿನವೇ ಗೊತ್ತಾಗಿತ್ತು. ಒಂದೂವರೆ ವರ್ಷ ಏನೂ ಕೇಳಲಿಲ್ಲ. ಆಮೇಲೊಂದು ದಿನ ಊಟದ ಬಿಡುವಿನಲ್ಲಿ ಸಹಜವಾಗಿ ಅಂದರು:

“ವಿಜಯಪುರದಾಗ ರಾಜ್ಯ ಟೂರ್ನಿ ಐತಿ. ಸರ್ವಿಸ್ ಜಡ್ಜ್ ಒಬ್ಬರು ಕಡಿಮಿ ಬಿದ್ದಾರ. ನೀ ಬರ್ತಿಯೇನು?”

“ಅಕ್ಕೋರ, ನನ್ನ ಬಿಟ್ಟು ಬ್ಯಾರೆ ಯಾರನ್ನಾದ್ರೂ ಕರೀರಿ. ಸರ್ವಿಸ್ ಅಂದ್ರ ಸಾಕು, ಎದ್ದು ಓಡಿ ಹೋಗಬೇಕು ಅನಸತೈತಿ.”

“ನೀ ಸರ್ವಿಸ್ ಹೊಡ್ಯೂದಿಲ್ಲಲ್ಲ, ನೋಡೂದು. ನಿನಗ ಇದ್ದಷ್ಟು ಕಣ್ಣು ಇಲ್ಲಿ ಯಾರಿಗೈತಿ? ಎರಡು ದಿನ ತರಬೇತಿ ಕೊಡ್ತಾರ, ಬಾ.”

ಹಿರಿಯರ ಮಾತು ಮುರಿಯಲಾಗದೆ ಹುಮಾ ಹೋದಳು.

ಸರ್ವಿಸ್ ಜಡ್ಜ್ ಕೂರುವುದು ನೆಟ್ಟಿನ ಕಂಬದ ಪಕ್ಕ, ತಗ್ಗಿನ ಕುರ್ಚಿಯಲ್ಲಿ. ಅವರ ಕೆಲಸ ಒಂದೇ. ಸರ್ವಿಸ್ ಮಾಡುವವರ ಕೈ, ಶಟಲ್ ಇರುವ ಎತ್ತರ, ಕಾಲು, ಇಷ್ಟನ್ನು ನೋಡುವುದು. ನಿಯಮ ತಪ್ಪಿದರೆ ಕೂಗುವುದು. ಆಟ ಯಾರು ಗೆದ್ದರು, ಜನ ಯಾಕೆ ಚಪ್ಪಾಳೆ ತಟ್ಟಿದರು, ಅದು ಅವರಿಗೆ ಬೇಕಿಲ್ಲ. ನಾಲ್ಕು ದಿನ ಹುಮಾ ಕೈಗಳನ್ನು ಮಾತ್ರ ನೋಡಿದಳು. ಮೊದಲ ಸುತ್ತುಗಳಲ್ಲಿ ವಿಶೇಷವೇನೂ ಕಾಣಲಿಲ್ಲ. ಸೆಮಿಫೈನಲ್ ದಿನ, ಅಂಕ ಹದಿನೆಂಟು, ಹತ್ತೊಂಬತ್ತಾಗುವ ಹೊತ್ತಿಗೆ, ಒಬ್ಬಳ ಬೆರಳಲ್ಲಿದ್ದ ಶಟಲಿನ ಗರಿ ಅಲ್ಲಾಡುವುದು ಕಂಡಿತು. ಆಮೇಲೆ ಇನ್ನೊಬ್ಬಳದು. ಆಮೇಲೆ ಗಂಡಸರ ಪಂದ್ಯದಲ್ಲಿ ಆರಡಿ ಎತ್ತರದ ಒಬ್ಬ ಆಟಗಾರನದು.

ಮಹಿಳೆಯರ ಫೈನಲ್‌ನಲ್ಲಿ ಮೈಸೂರಿನ ಒಬ್ಬ ಆಟಗಾರ್ತಿ ಇದ್ದಳು. ಮೂರು ವರ್ಷದಿಂದ ಆ ಪ್ರಶಸ್ತಿ ಅವಳ ಜೋಡಿಯದೇ. ಕಲ್ಲಿನಂಥ ಹುಡುಗಿ, ಅವಳಿಗೆ ಹೆದರಿಕೆ ಎಂಬುದೇ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಇಪ್ಪತ್ತು ಸಮ ಆದಾಗ ಅವಳು ಸರ್ವಿಸ್‌ಗೆ ನಿಂತಳು. ಹುಮಾ ಕೂತ ಜಾಗದಿಂದ ಆ ಕೈ ಎರಡು ಮಾರು ದೂರ. ಮಣಿಕಟ್ಟು ಥರಥರ ನಡುಗುತ್ತಿತ್ತು. ಇದು ನೆಟ್ಟಿಗೆ ಹೋಯಿತು ಎಂದುಕೊಂಡಳು ಹುಮಾ. ಹೋಗಲಿಲ್ಲ. ನಡುಗುತ್ತಿದ್ದ ಕೈಯೇ ಶಟಲನ್ನು ಮೆಲ್ಲಗೆ ನೂಕಿತು, ಅದು ದಾಟಿತು. ಇಪ್ಪತ್ತೊಂದಕ್ಕೆ ಇನ್ನೂ ಹೆಚ್ಚು ನಡುಗಿತು. ಅದೂ ದಾಟಿತು. ಪ್ರಶಸ್ತಿ ನಾಲ್ಕನೆಯ ಸಲ ಅವಳಿಗೇ ಹೋಯಿತು.

ಬಹುಮಾನ ವಿತರಣೆಯ ಮೊದಲು ನೀರಿನ ಡ್ರಮ್ಮಿನ ಹತ್ತಿರ ಆ ಹುಡುಗಿ ಸಿಕ್ಕಳು. ಹುಮಾಳಿಗೆ ತಡೆಯಲಾಗಲಿಲ್ಲ.

“ಒಂದು ಮಾತು ಕೇಳ್ಲೇನ್ರಿ? ಇಪ್ಪತ್ತು ಆದಾಗ ನಿಮ್ಮ ಕೈ ನಡಗಾಕತ್ತಿತ್ತು.”

ಆ ಹುಡುಗಿ ಬಾಟಲಿಯ ಮುಚ್ಚಳ ತಿರುಗಿಸುತ್ತ ನಕ್ಕಳು. “ಯಾವ ಫೈನಲ್‌ನಲ್ಲಿ ನಡುಗಲ್ಲ ಹೇಳಿ? ಮೊದಲು ನಿಲ್ಲಿಸೋಕೆ ಹೋಗ್ತಿದ್ದೆ. ಈಗ ಅದರ ಪಾಡಿಗೆ ಅದು ನಡುಗುತ್ತೆ, ನನ್ನ ಪಾಡಿಗೆ ನಾನು ಹೊಡೀತೀನಿ.”

ಇಷ್ಟು ಹೇಳಿ ಅವಳು ಹೋದಳು. ಅವಳಿಗೆ ಅದು ದೊಡ್ಡ ಮಾತಲ್ಲ. ಹುಮಾ ಮಾತ್ರ ಆ ಡ್ರಮ್ಮಿನ ಪಕ್ಕ ಬಹಳ ಹೊತ್ತು ನಿಂತಿದ್ದಳು. ಎರಡು ವರ್ಷದಿಂದ ಅವಳು ಕೈಯ ನಡುಕವನ್ನು ತನ್ನೊಬ್ಬಳ ಕುಂದು ಎಂದು ತಿಳಿದಿದ್ದಳು. ಗಟ್ಟಿಗರಿಗೆ ಅದು ಬರುವುದಿಲ್ಲ, ಹಾಗಾಗಿ ತಾನು ಗಟ್ಟಿಯಲ್ಲ ಎಂದು ತೀರ್ಮಾನಿಸಿದ್ದಳು. ಗೆದ್ದವಳ ಕೈಯೂ ನಡುಗಿದ್ದನ್ನು ಈಗ ತನ್ನ ಕಣ್ಣಿಂದಲೇ ಕಂಡಿದ್ದಳು.

ಕ್ರೀಡಾಂಗಣದ ಇನ್ನೊಂದು ಬದಿಗೆ ಸಂಗಮೇಶ ಕುರ್ಚಿ ಎತ್ತಿಡುತ್ತಿದ್ದರು. ಹುಮಾ ಸೀದಾ ಅವರ ಮುಂದೆ ಹೋಗಿ ನಿಂತಳು.

“ಸರ್, ಕೈ ನಡಗಬಾರದು ಅಂತ ಏನೂ ಹೇಳಬ್ಯಾಡ್ರಿ. ನಡಗುವಾಗ ಹ್ಯಾಂಗ ಹೊಡೀಬೇಕು, ಅದನ್ನ ಕಲಸ್ರಿ.”

ಸಂಗಮೇಶ ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟರು. “ಇದನ್ನ ನನಗ ಇಲ್ಲೀತನ ಯಾರೂ ಕೇಳಿಲ್ಲ ನೋಡವಾ,” ಅಂದರು. “ನನಗೂ ಗೊತ್ತಿಲ್ಲ. ಬಾ, ಇಬ್ಬರೂ ಕೂಡೇ ಕಲಿಯೂಣು.”

ಶನಿವಾರ, ಭಾನುವಾರ ಅವಳು ವಿಜಯಪುರಕ್ಕೆ ಬರತೊಡಗಿದಳು. ಸಂಗಮೇಶ ಅವಳನ್ನು ಮೊದಲು ಗ್ಯಾಲರಿಯ ಮೆಟ್ಟಿಲುಗಳನ್ನು ಹತ್ತಿಸಿ ಇಳಿಸುತ್ತಿದ್ದರು. ಎದೆ ಹೊಡೆದುಕೊಂಡು, ಕೈಕಾಲು ತಮ್ಮಷ್ಟಕ್ಕೆ ತಾವೇ ಅದುರತೊಡಗಿದ ಮೇಲೆ ಅಂಕಣಕ್ಕೆ ಕರೆದು, “ಹಾಂ, ಈಗ ಹೊಡಿ,” ಅನ್ನುತ್ತಿದ್ದರು. ಮೊದಲ ವಾರಗಳಲ್ಲಿ ಹತ್ತರಲ್ಲಿ ಏಳು ನೆಟ್ಟಿಗೆ. ಮೆಲ್ಲಮೆಲ್ಲಗೆ ಇಬ್ಬರೂ ಕೆಲವು ಸಂಗತಿ ಕಂಡುಕೊಂಡರು. ರ‍್ಯಾಕೆಟ್ಟಿನ ಹಿಡಿಯನ್ನು ಇನ್ನೂ ಮೇಲಕ್ಕೆ ಹಿಡಿದರೆ ನಡುಕ ತುದಿಗೆ ಹೋಗುವುದು ಕಡಿಮೆ. ಮುಷ್ಟಿ ಬಿಗಿಯುವ ಬದಲು ಸಡಿಲ ಬಿಟ್ಟು ಹೆಬ್ಬೆರಳಿನಿಂದ ಮಾತ್ರ ನೂಕಿದರೆ ಶಟಲ್ ನೇರ ಹೋಗುತ್ತದೆ. ನಡುಕ ನಿಲ್ಲಲಿ ಎಂದು ಕಾಯುತ್ತ ನಿಂತರೆ ಅದು ಹೆಚ್ಚುತ್ತದೆ. ಅಣಿಯಾದ ಕೂಡಲೇ ಹೊಡೆದುಬಿಡಬೇಕು. ಸಂಗಮೇಶ ಬೇಕೆಂದೇ ಅಭ್ಯಾಸಕ್ಕೆ ಬಂದವರನ್ನೆಲ್ಲ ಸುತ್ತ ನಿಲ್ಲಿಸಿ ಕೂಗಿಸಿದರು. ನಾಲ್ಕು ತಿಂಗಳ ಮೇಲೆ ಹತ್ತರಲ್ಲಿ ಎಂಟು ದಾಟತೊಡಗಿದವು. ಕೈ ಮಾತ್ರ ಮೊದಲಿನಷ್ಟೇ ನಡುಗುತ್ತಿತ್ತು.

ಇನ್ನು ಪ್ರಿಯದರ್ಶಿನಿಯ ಬಳಿ ಹೋಗಬೇಕಿತ್ತು. ಅವಳ ಹೊಸ ಜೊತೆಗಾತಿ ಮೊಣಕಾಲಿಗೆ ಪೆಟ್ಟಾಗಿ ಆಟ ಬಿಟ್ಟಿದ್ದಾಳೆ ಎಂದು ಕೋಚ್ ಹೇಳಿದ್ದರು. ರಜೆಗೆ ಅವಳು ಮಸೂತಿಗೆ ಬಂದಿರುವ ಸುದ್ದಿ ತಿಳಿದು ಹುಮಾ ಒಂದು ಭಾನುವಾರ ಅಲ್ಲಿಗೆ ಹೋದಳು. ಪ್ರಿಯದರ್ಶಿನಿ ಮನೆಯ ಮುಂದೆ ತಾಯಿಯ ಜೊತೆ ಉಳ್ಳಾಗಡ್ಡಿ ಆರಿಸುತ್ತ ಕೂತಿದ್ದಳು. ಬಂದವಳನ್ನು ನೋಡಿದಳು. ಏಳಲಿಲ್ಲ.

“ಬಾರವಾ ಹುಮಾ, ಎಷ್ಟು ವರ್ಷ ಆತು,” ಎಂದು ತಾಯಿ ಎದ್ದು ಚಹಾ ಇಡಲು ಒಳಗೆ ಹೋದರು.

“ಪ್ರಿಯಾ, ನನ್ನ ಮ್ಯಾಲ ಸಿಟ್ಟು ಐತೇನು?”

“ಐತಿ.”

“ಆ ಸರ್ವಿಸ್...”

“ಸರ್ವಿಸ್ ಸುಡ್ಲಿ!” ಪ್ರಿಯದರ್ಶಿನಿ ಕೈಯಲ್ಲಿದ್ದ ಉಳ್ಳಾಗಡ್ಡಿಯನ್ನು ರಾಶಿಗೆ ಎಸೆದಳು. “ಸರ್ವಿಸ್ ತಪ್ಪಿದ್ದಕ್ಕ ಯಾರರೆ ಸಿಟ್ಟಿಗೇಳ್ತಾರೇನು? ಹದಿನೇಳು ಸಲ ಫೋನ್ ಮಾಡೇನಿ. ಒಂದ ಸಲ ಎತ್ತಲಿಲ್ಲ ನೀ. ನಾ ಏನ್ ತಿಳ್ಕೋಬೇಕು?”

ಹುಮಾ ಪಕ್ಕದಲ್ಲಿ ಕೂತಳು. ತಾನೂ ಉಳ್ಳಾಗಡ್ಡಿ ಆರಿಸತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಪ್ರಿಯದರ್ಶಿನಿಯ ದನಿ ಇಳಿಯಿತು.

“ಅವತ್ತು ನೀ ಫೋನ್ ಎತ್ತಿದ್ರ ಒಂದು ಮಾತು ಹೇಳಾಕಿದ್ದೆ. ಇಪ್ಪತ್ತು ಸಮ ಆದಾಗ ಒಂದು ಶಟಲ್ ನನ್ನ ತಲಿ ಮ್ಯಾಲ ಬಂತು, ನೆನಪೈತೇನು? ಹೊರಗ ಹೋಗತೈತಿ ಅಂತ ಬಿಟ್ಟೆ. ಹೊರಗ ಹೋಗೂದಿಲ್ಲ ಅಂತ ನನಗ ಗೊತ್ತಿತ್ತು ಹುಮಾ. ಹೊಡ್ಯಾಕ ಅಂಜಿಕಿ ಬಂತು, ಅದಕ್ಕ ಬಿಟ್ಟೆ. ಎಲ್ಲಾರೂ ನಿನ್ನ ಕೈ ನೋಡಾಕತ್ತಿದ್ರು, ನನ್ನನ್ನ ಯಾರೂ ನೋಡಲಿಲ್ಲ.”

ಹುಮಾ ಆ ಪಂದ್ಯದ ವಿಡಿಯೋವನ್ನು ನೂರು ಸಲ ನೋಡಿದ್ದಳು. ಪ್ರತಿಸಲವೂ ತನ್ನ ಎರಡು ಸರ್ವಿಸ್ ನೋಡಿ ಬಂದ್ ಮಾಡುತ್ತಿದ್ದಳು. ಆಮೇಲಿನ ಮೂರು ಅಂಕಗಳನ್ನು ಒಮ್ಮೆಯೂ ಪೂರ್ತಿ ನೋಡಿರಲಿಲ್ಲ. ಚಹಾ ಬಂತು. ಕುಡಿದ ಮೇಲೆ ಹುಮಾ ಕೇಳಿದಳು:

“ಮತ್ತ ಕೂಡಿ ಆಡೂಣೇನು? ನನ್ನ ಕೈ ಇನ್ನೂ ನಡಗತೈತಿ, ಮೊದಲ ಹೇಳಿರ್ತೇನಿ.”

“ನಡಗಲಿ. ಆದ್ರ ಫೋನ್ ಎತ್ತು,” ಅಂದಳು ಪ್ರಿಯದರ್ಶಿನಿ.

ಹುಮಾ ಶಾಲೆಗೆ ರಜೆ ಹಾಕಿ ಹುಬ್ಬಳ್ಳಿಗೆ ಹೋಗಿ ಪ್ರಿಯದರ್ಶಿನಿಯ ಜೊತೆ ಉಳಿದಳು. ಮೊದಲ ಮೂರು ಟೂರ್ನಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ನಾಲ್ಕನೆಯದು ರಾಯಪುರದ್ದು. ಅಲ್ಲಿ ಒಂದೊಂದೇ ಸುತ್ತು ದಾಟಿ, ಪುಣೆಯಾದ ಮೂರು ವರ್ಷಕ್ಕೆ, ಅವರು ಮತ್ತೆ ಫೈನಲ್ ತಲುಪಿದರು.

ಮೊದಲ ಗೇಮ್ ಸೋತರು, ಎರಡನೆಯದು ಗೆದ್ದರು. ಮೂರನೆಯದರಲ್ಲಿ ಹದಿನಾರು–ಹದಿನೇಳು ಇದ್ದಾಗ ಹುಮಾಳ ಸರ್ವಿಸ್ ನೆಟ್ಟಿಗೆ ಹೋಯಿತು. ಗ್ಯಾಲರಿಯಲ್ಲಿ ಯಾರೋ ‘ಅಯ್ಯೋ’ ಅಂದದ್ದು ಅವಳಿಗೆ ಕೇಳಿಸಿತು. ಪುಣೆಯನ್ನು ಬಲ್ಲ ಯಾರೋ ಇರಬೇಕು. ಪ್ರಿಯದರ್ಶಿನಿ ಹತ್ತಿರ ಬಂದಳು.

“ಕೈ?”

“ನಡಗಾಕತ್ತೈತಿ.”

“ನನಗೂ ಕಾಲು ನಡಗಾಕತ್ತಾವು. ನಡಿ, ಆಡೂಣು.”

ಹದಿನೆಂಟು ಸಮ ಆಯಿತು, ಹತ್ತೊಂಬತ್ತು ಸಮ ಆಯಿತು. ಸರ್ವಿಸ್ ಹುಮಾಳಿಗೆ ಬಂತು. ಅವಳು ನಡುಕ ನಿಲ್ಲಲು ಕಾಯಲಿಲ್ಲ. ನಿಂತಳು, ನೂಕಿದಳು, ಅದು ದಾಟಿತು, ಅಂಕ ಬಂತು. ಇಪ್ಪತ್ತು–ಹತ್ತೊಂಬತ್ತು. ಮತ್ತೆ ಅವಳೇ. ಬೆರಳಲ್ಲಿ ಗರಿ ಅಲ್ಲಾಡುವುದು ಅವಳಿಗೇ ಕಾಣುತ್ತಿತ್ತು. ಕಂಬದ ಪಕ್ಕದ ತಗ್ಗಿನ ಕುರ್ಚಿಯಲ್ಲಿ ಕೂತವರಿಗೂ ಕಾಣುತ್ತಿರುತ್ತದೆ ಎಂದುಕೊಂಡಳು. ಕಂಡರೆ ಕಾಣಲಿ. ಸರ್ವಿಸ್ ದಾಟಿತು. ಆದರೆ ಮೂವತ್ತು ಹೊಡೆತಗಳ ಆ ಆಟದ ಕೊನೆಗೆ ಪ್ರಿಯದರ್ಶಿನಿಯ ಸ್ಮ್ಯಾಶ್ ಗೆರೆಯಾಚೆ ಬಿತ್ತು. ಇಪ್ಪತ್ತು ಸಮ.

ಆಮೇಲೆ ಒಂದು ಶಟಲ್ ಪ್ರಿಯದರ್ಶಿನಿಯ ತಲೆಯ ಮೇಲೆ ಹಾದು ಹಿಂದಿನ ಗೆರೆಯತ್ತ ಹೋಯಿತು. ಈಗಷ್ಟೇ ಹೊರಗೆ ಹೊಡೆದವಳು. ಬಿಡಲು ಎಲ್ಲ ಕಾರಣಗಳೂ ಇದ್ದವು. ಅವಳು ಬಿಡಲಿಲ್ಲ. ಹಿಂದಕ್ಕೆ ಹಾರಿ ಬಡಿದಳು, ಎದುರಾಳಿಗಳ ನಡುವೆ ಬಿತ್ತು. ಇಪ್ಪತ್ತೊಂದು–ಇಪ್ಪತ್ತು. ಮತ್ತೆ ಸಮ. ಮತ್ತೆ ಇವರದು, ಇಪ್ಪತ್ತೆರಡು–ಇಪ್ಪತ್ತೊಂದು, ಸರ್ವಿಸ್ ಹುಮಾಳದು.

“ಆವಾಗ ಏನು ಯೋಚನಿ ಮಾಡಿದಿ?” ಎಂದು, ಇದನ್ನು ಬರೆಯುವ ಮುನ್ನ, ನಾನು ಅವಳನ್ನು ಕೇಳಿದ್ದೆ.

“ಯೋಚನಿ ಮಾಡಾಕ ಟೈಮ್ ಇರಲಿಲ್ರಿ. ಹೆಬ್ಬಟ್ಟು ಅಷ್ಟ ನೆನಪಿತ್ತು,” ಅಂದಳು.

ಶಟಲ್ ನೆಟ್ಟಿನ ಬಿಳಿ ಪಟ್ಟಿಗೆ ತಾಗಿತು. ಒಂದು ಕ್ಷಣ ಯಾವ ಕಡೆಗೆ ಎಂದು ಯಾರಿಗೂ ತಿಳಿಯಲಿಲ್ಲ. ಆಚೆ ಬಿತ್ತು. ಎದುರಿನವಳು ಹೇಗೋ ಬಾಗಿ ಅದನ್ನು ಎತ್ತಿದಳು, ಅರ್ಧಕ್ಕೆ ಮಾತ್ರ ಬಂತು. ಪ್ರಿಯದರ್ಶಿನಿ ಬಡಿದ ಸದ್ದು ಕೇಳಿತು. ಹುಮಾ ತಿರುಗಿ ನೋಡುವಷ್ಟರಲ್ಲಿ ಗೆಳತಿ ಅವಳನ್ನು ಎತ್ತಿಕೊಂಡಿದ್ದಳು.

ಮನೆಗೆ ಫೋನ್ ಮಾಡಿದಾಗ ಎತ್ತಿದ್ದು ತಾಯಿ. ಪೂರ್ತಿ ಪಂದ್ಯ ನೋಡಿದ್ದು ಅವರೊಬ್ಬರೇ. ಅಳುತ್ತ, ನಗುತ್ತ ಏನೇನೋ ಹೇಳಿ ಅಪ್ಪನ ಕೈಗೆ ಕೊಟ್ಟರು.

“ಅಬ್ಬಾ, ನೋಡಿದ್ರೇನು?”

“ಇಲ್ಲ ಮಗಳ. ಹದಿನೆಂಟು ಆಗೂಮಟ ನೋಡಿದೆ. ಆಮ್ಯಾಲ ನನ್ನ ಕೈಯಾಗ ಫೋನ್ ನಿಲ್ಲಲಿಲ್ಲ, ಹಂಗ ನಡಗಾಕತ್ತವು. ನಿಮ್ಮವ್ವಗ ಕೊಟ್ಟು ಹೊರಗ ಹೋಗಿ ನಿಂತೆ.” ಮತ್ತೆ ಅಂದರು: “ಪುಣೆದಿಂದ ಬಂದಾಗ ನಾ ಒಂದು ಮಾತು ಅಂದಿದ್ದೆ. ಅದು ತಪ್ಪಾತು ನೋಡು. ನಾ ಇಲ್ಲಿ ಕುಂತ ಒಂದು ಫೋನ್ ಹಿಡ್ಯಾಕ ಆಗಲಿಲ್ಲ, ನೀ ಅಲ್ಲಿ ನಿಂತು...”

“ಇರ್ಲಿ ಬಿಡ್ರಿ ಅಬ್ಬಾ,” ಅಂದಳು ಹುಮಾ.

ರಾಯಪುರದ ಮೇಲೆ ಅವರು ಇನ್ನೂ ಎರಡು ಫೈನಲ್ ಆಡಿದ್ದಾರೆ. ಒಂದನ್ನು ಗೆದ್ದರು. ಹೈದರಾಬಾದಿನದು ಕಳೆದ ತಿಂಗಳು, ನೇರ ಗೇಮುಗಳಲ್ಲಿ ಸೋತರು. ಎದುರಾಳಿಗಳು ಇವರಿಗಿಂತ ಚೆನ್ನಾಗಿ ಆಡಿದರು, ಅಷ್ಟೇ. ಆ ದಿನ ಹುಮಾಳ ಒಂದು ಸರ್ವಿಸ್ಸೂ ತಪ್ಪಿರಲಿಲ್ಲ. ಮರುದಿನ ಅವಳು ಇಂಡಿಗೆ ಬಂದು ಹಾಯಾಗಿ ಮಲಗಿದ್ದಾಗ ಫೋನ್ ಬಡಿಯಿತು. ಎರಡನೆಯ ರಿಂಗಿಗೇ ಎತ್ತಿದಳು.

“ಮುಂದಿನ ತಿಂಗಳ ಗುವಾಹಟಿ ಐತಿ,” ಅಂದಳು ಪ್ರಿಯದರ್ಶಿನಿ. “ಭಾಳ ದೂರ. ಎಂಟ್ರಿ ಕಳಸ್ಲೇನು?”

“ಕಳಸು,” ಅಂದಳು ಹುಮಾ. ಎದ್ದು ಬೂಟು ಹುಡುಕತೊಡಗಿದಳು.